ಹರಳಿನೊಳಗಿನ ಬೆಳಕು



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಮಕ್ಕಳಿಗೆ ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಕಂಪ್ಯೂಟರಿನ ವಿಷಯ ಬಿಟ್ಟು, ಈ ಪೆಂಡಾಲಿನಲ್ಲಿ ಉರಿಯುತ್ತಿರುವ ಎಲ್‌ಇಡಿ ಬಲ್ಬಿನ ವಿಷಯ ಹೇಳುತ್ತೇನೆ.

ಕಲ್ಲುಸಕ್ಕರೆ ತಿನ್ನುವಾಗ ಬಾಯಿಗೆ ನೂಲು ಸಿಕ್ಕಿರಬಹುದು. ಗಟ್ಟಿ ಪಾಕದಲ್ಲಿ ಆ ನೂಲನ್ನು ಇಳಿಬಿಟ್ಟು ಅಲುಗಾಡಿಸದೆ ಇಟ್ಟರೆ, ಸಕ್ಕರೆ ಅದಕ್ಕೆ ಹರಳುಗಟ್ಟುತ್ತದೆ. ಬೆಳಕು ಕೊಡುವ ಹರಳಿಗೂ ಹೀಗೆ ಒಂದು ಆಸರೆ ಬೇಕು, ನಿಧಾನ ಬೇಕು. ಜೊತೆಗೆ ಬೇರೆ ಒಂದು ಧಾತು ಚಿಟಿಕೆಯಷ್ಟು ಬೇಕು.

ಮಾಣಿಕ್ಯವನ್ನೇ ನೋಡಿ. ಅದು ಅಲ್ಯೂಮಿನಿಯಂ ಆಕ್ಸೈಡ್. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ; ತುಸು ಕ್ರೋಮಿಯಂ ಸೇರಿದರೆ ಕೆಂಪು. ಇದನ್ನು ಬೆಳೆಸುವ ವಿಧಾನವನ್ನು ಫ್ರಾನ್ಸಿನ ಆಗಸ್ಟ್ ವೆರ್ನೂಯ್ 1902ರಲ್ಲಿ ಪ್ರಕಟಿಸಿದರು. ಹಿಟ್ಟಿನಂಥ ಪುಡಿಯನ್ನು ಜಲಜನಕ ಮತ್ತು ಆಮ್ಲಜನಕದ ಜ್ವಾಲೆಯ ಮೂಲಕ ಉದುರಿಸುತ್ತಾರೆ. 2000 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿಗೆ ಅದು ಕರಗಿ, ಕೆಳಗೆ ತಿರುಗುತ್ತಿರುವ ಕಡ್ಡಿಯ ತುದಿಯಲ್ಲಿ ಹರಳಾಗಿ ಬೆಳೆಯುತ್ತದೆ. 1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿದ್ದು ಕೃತಕ ಮಾಣಿಕ್ಯದಿಂದಲೇ. ಲೇಸರಿಗೆ ಬಳಸುವ ಮಾಣಿಕ್ಯದಲ್ಲಿ ಕ್ರೋಮಿಯಂ ಆಕ್ಸೈಡ್ ಸುಮಾರು ಶೇ. 0.05, ಅಂದರೆ ಕಿಲೋಗೆ ಅರ್ಧ ಗ್ರಾಂ!

ಈಗ ನಮ್ಮ ಬಲ್ಬು. ಕೆಟ್ಟುಹೋದ ಎಲ್‌ಇಡಿ ಬಲ್ಬಿನ ಮುಚ್ಚಳ ತೆಗೆದರೆ ಒಳಗೆ ಹಳದಿ ಚುಕ್ಕೆಗಳು ಕಾಣುತ್ತವೆ. ಅಲ್ಲಿರುವ ಚಿಪ್ಪು ಕೊಡುವುದು ನೀಲಿ ಬೆಳಕು. ಅದರ ಮೇಲೆ ಸಾಮಾನ್ಯವಾಗಿ ಬಳಿಯುವುದು ಇಟ್ರಿಯಂ, ಅಲ್ಯೂಮಿನಿಯಂ, ಆಮ್ಲಜನಕ ಸೇರಿದ ಹರಳಿನ ಪುಡಿ. ಅದರಲ್ಲಿ ಸ್ವಲ್ಪ ಸೀರಿಯಂ ಇರುತ್ತದೆ. ಸೀರಿಯಂ ನೀಲಿಯ ಒಂದು ಪಾಲನ್ನು ಹೀರಿ ಹಳದಿಯಾಗಿ ಬಿಡುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಹಾಗೆಂದು ಸೀರಿಯಂ ಹೆಚ್ಚು ಸುರಿದರೆ ಬೆಳಕು ಹೆಚ್ಚುವುದಿಲ್ಲ, ಕುಂದುತ್ತದೆ. ಒತ್ತೊತ್ತಾಗಿ ಕುಳಿತ ಪರಮಾಣುಗಳು ಶಕ್ತಿಯನ್ನು ಒಂದಕ್ಕೊಂದು ದಾಟಿಸುತ್ತ ಶಾಖವಾಗಿ ಕಳೆದುಬಿಡುತ್ತವೆ. ಅಡುಗೆಗೆ ಉಪ್ಪು ಹಾಕಿದ ಹಾಗೆ, ಅಳತೆ ತಪ್ಪಬಾರದು.

ಮಕ್ಕಳೇ, ಮಾಣಿಕ್ಯದ ಉರಿ ನಮ್ಮ ಶಾಲೆಗೆ ಬೇಡ. ಕ್ಷೌರದಂಗಡಿಯಲ್ಲಿ ನೋಡಿರುವ ಪಟಿಕ ಸಾಕು. ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಪಟಿಕ ಕರಗಿಸಿ, ಆರಲು ಬಿಟ್ಟು ಸೋಸಿ, ನೂಲಿಗೆ ಕಟ್ಟಿದ ಸಣ್ಣ ಹರಳನ್ನು ಅದರಲ್ಲಿ ಇಳಿಬಿಡಿ. ಒಂದು ವಾರ ಕಾಯಿರಿ. ಹರಳು ಹೇಗೆ ಬೆಳೆಯುತ್ತದೆಂದು ಕಣ್ಣಾರೆ ಕಾಣುವಿರಿ.

ಇದಕ್ಕೆ ಒಂದು ಮೇಜು, ಒಂದು ಕೋಣೆ ಬೇಕು. ನಮ್ಮ ಪ್ರಯೋಗಾಲಯದ ಕೋಣೆಯಲ್ಲಿ ಈಗ ಮುರಿದ ಬೆಂಚುಗಳಿವೆ. ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಅದೂ ಆಗಲಿ. ಆದರೆ ಕೂಡಿದ ಹಣ ಮೊದಲು ಪ್ರಯೋಗಾಲಯಕ್ಕೆ ಸಲ್ಲಲಿ ಎಂದು ಹಿರಿಯರಲ್ಲಿ ನನ್ನ ಬಿನ್ನಹ. ನನ್ನ ಪಾಲನ್ನು ಅದಕ್ಕೇ ಕೊಡುತ್ತೇನೆ. ಕಮಾನಿನ ಕೆಳಗೆ ಮಕ್ಕಳು ದಿನಕ್ಕೆರಡು ಸಲ ಹಾದುಹೋಗುತ್ತಾರೆ. ಪ್ರಯೋಗಾಲಯದಲ್ಲಿ ನಿಂತು ನೋಡುತ್ತಾರೆ.