ರೋಹಿಣಿ ನಕ್ಷತ್ರ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ನಕ್ಷತ್ರದ ವಿಷಯವಾಗಿ ಮಾತನಾಡುವೆನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನಾನು ಖಗೋಳಶಾಸ್ತ್ರಜ್ಞನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಹಗಲೆಲ್ಲ ಅನ್ಯರ ಹಣದ ಲೆಕ್ಕ ಬರೆಯುವುದು ನನ್ನ ಕಸುಬು. ಇಂಥವನು ಆಕಾಶದ ಕಡೆಗೆ ಏಕೆ ತಿರುಗಿದನೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮದು ಧಾರವಾಡದ ಕಡೆಯ ಒಕ್ಕಲುತನದ ಮನೆ. ಮಳೆಗಾಲದ ಮೊದಲಿಗೆ ನಾನು ಊರಿಗೆ ಫೋನು ಮಾಡಿದರೆ ನಮ್ಮ ತಂದೆಯವರು ಕೇಳುವ ಮೊದಲ ಮಾತು ಒಂದೇ: "ಅಲ್ಲಿ ರೋಹಿಣಿ ಆತೇನೋ?" ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಒಂದು ವರ್ಷ ನಾನು ಹೇಳಿದೆ: "ಅಪ್ಪಾ, ಇಲ್ಲಿ ಈ ದಿವಸಕ್ಕ ನೌತಪಾ ಅಂತಾರ. ಮಳಿ ಎಲ್ಲಿಂದ ಬರಬೇಕು, ಕೆಂಡ ಸುರದಂಗ ಅದ." ಅವರು ನಕ್ಕು, "ಚಿಕ್ಕಿ ಒಂದ ತಮ್ಮಾ, ಊರು ಬ್ಯಾರೆ" ಎಂದರು. ಪಕ್ಕದಲ್ಲಿದ್ದ ನನ್ನ ಮಗಳು ಫೋನು ಕಸಿದುಕೊಂಡು, "ಅಜ್ಜಾ, ರೋಹಿಣಿ ಯಾವ ಚಿಕ್ಕಿ?" ಎಂದು ಕೇಳಿದಳು. "ಊರಿಗೆ ಬಾ ಅವ್ವಿ, ತೋರಸ್ತೀನಿ" ಎಂದರು.

ದಸರೆಗೆ ಹೋಗೋಣವೆಂದುಕೊಂಡೆ, ಆಗಲಿಲ್ಲ. ದೀಪಾವಳಿಗೆ ಎಂದುಕೊಂಡೆ, ಅದೂ ಮುಂದಕ್ಕೆ ಹೋಯಿತು. ತಡೆದವರು ಯಾರೂ ಅಲ್ಲ, ನನ್ನದೇ ಆಲಸ್ಯ. ಆ ವರ್ಷದ ಡಿಸೆಂಬರಿನಲ್ಲಿ ತಂದೆಯವರು ತೀರಿಕೊಂಡರು. ಕರ್ಮಾಂತರ ಮುಗಿಸಿ ಕಾಶಿಗೆ ಹಿಂದಿರುಗಿದ ಮೇಲೆ ಮಗಳು ಅದೇ ಪ್ರಶ್ನೆಯನ್ನು ನನ್ನನ್ನು ಕೇಳಿದಳು. ರೋಹಿಣಿ ಮಳೆಯನ್ನು ಬಲ್ಲ ನಾನು ರೋಹಿಣಿ ನಕ್ಷತ್ರವನ್ನು ತೋರಿಸಲಾರದೆ ನಿಂತೆ. ಅಂದಿನಿಂದ ಓದಿ, ಕೇಳಿ, ನೋಡಿ ತಿಳಿದುಕೊಂಡಷ್ಟನ್ನು ಇಂದು ನಿಮಗೆ ಲೆಕ್ಕ ಒಪ್ಪಿಸುತ್ತೇನೆ.

ಮೊದಲನೆಯದಾಗಿ, ಮಳೆಗೂ ನಕ್ಷತ್ರಕ್ಕೂ ಇರುವ ಸಂಬಂಧ. ಸೂರ್ಯನು ವರ್ಷದಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ದಾಟಿ ಹೋಗುವಂತೆ ನಮಗೆ ಕಾಣುತ್ತದೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ಅವನು ರೋಹಿಣಿಯನ್ನು ಹೊಕ್ಕಾಗ ನಮ್ಮಲ್ಲಿ ರೋಹಿಣಿ ಮಳೆ ಎನ್ನುತ್ತೇವೆ. ಉತ್ತರ ದೇಶದವರು ಅಂದಿನಿಂದ ಒಂಬತ್ತು ದಿನವನ್ನು ನೌತಪಾ ಎಂದು ಕರೆಯುತ್ತಾರೆ. ಇಲ್ಲಿ ಒಂದು ಸೋಜಿಗವಿದೆ. ರೋಹಿಣಿ ಮಳೆಯ ದಿನಗಳಲ್ಲಿ ಸೂರ್ಯನು ಅದೇ ದಿಕ್ಕಿನಲ್ಲಿರುವುದರಿಂದ ರೋಹಿಣಿ ನಕ್ಷತ್ರವು ಅವನ ಪ್ರಭೆಯಲ್ಲಿ ಮುಳುಗಿ ಹೋಗಿ ಕಣ್ಣಿಗೆ ಬೀಳುವುದೇ ಇಲ್ಲ. ಮಳೆಯ ಹೆಸರನ್ನು ಮರೆಯದ ನಮ್ಮಂಥವರು ನಕ್ಷತ್ರದ ಮುಖವನ್ನು ಮರೆತುದರಲ್ಲಿ ಆಶ್ಚರ್ಯವೇನು? ಅದನ್ನು ನೋಡಲು ತಕ್ಕ ಕಾಲ ಈ ನವೆಂಬರ್ ತಿಂಗಳು, ನಮ್ಮ ರಾಜ್ಯೋತ್ಸವದ ತಿಂಗಳು.

ಕಾಶಿಯಲ್ಲಿರುವ ನಮಗೆ ಇದರಲ್ಲೊಂದು ಅನುಕೂಲವೂ ಉಂಟು. ಇಲ್ಲಿಯ ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಎದುರಿಗೆ ಗಂಗೆ, ಅದರಾಚೆ ಬರಿಯ ಮರಳದಂಡೆ. ಈ ತಿಂಗಳು ರಾತ್ರಿ ಒಂಬತ್ತು ಗಂಟೆಗೆ ಮೆಟ್ಟಿಲ ಮೇಲೆ ಕುಳಿತು ಪೂರ್ವಕ್ಕೆ ನೋಡಿರಿ. ಮೇಲುಗಡೆ ಸಣ್ಣ ಚಿಕ್ಕಿಗಳ ಒಂದು ಗೊಂಚಲು ಕಾಣುತ್ತದೆ, ಅದು ಕೃತ್ತಿಕೆ. ಅದರ ಕೆಳಗೆ, ಮಿನುಗುವ ಇತರ ಬಿಳಿಯ ಚಿಕ್ಕಿಗಳ ನಡುವೆ, ಕಿತ್ತಳೆ ಬಣ್ಣದ ಒಂದು ದೊಡ್ಡ ಚಿಕ್ಕಿ ಇದೆ. ಅದೇ ರೋಹಿಣಿ. ಅರಿಸಿನಕ್ಕೆ ಕುಂಕುಮ ಬೆರೆಸಿದರೆ ಯಾವ ಬಣ್ಣವೋ ಅದರ ಬಣ್ಣ ಹೆಚ್ಚುಕಡಿಮೆ ಅದೇ. ರೋಹಿಣಿ ಎಂದರೆ ಕೆಂಪಾದವಳು ಎಂದೇ ಅರ್ಥ. ಅರಬರು ಇದನ್ನು ಆಲ್ಡಿಬರಾನ್, ಅಂದರೆ ಹಿಂಬಾಲಿಸುವುದು ಎಂದು ಕರೆದರು. ಕೃತ್ತಿಕೆಯ ಹಿಂದೆಯೇ ಹುಟ್ಟಿ ಬರುವುದರಿಂದ ಆ ಹೆಸರು.

ಈ ಬಣ್ಣವೇ ನಕ್ಷತ್ರದ ಮೊದಲ ಗುಟ್ಟು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಬಿಸಿ ಏರಿದಂತೆ ಕಿತ್ತಳೆಯಾಗಿ ಹಳದಿಯಾಗಿ ಬಿಳಿಯ ಕಡೆಗೆ ತಿರುಗುತ್ತದೆ. ನಕ್ಷತ್ರಗಳಿಗೂ ಇದೇ ನ್ಯಾಯ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ರೋಹಿಣಿಯದು ಸುಮಾರು 3,600 ಡಿಗ್ರಿ ಮಾತ್ರ. ಅಂದರೆ ಈ ಕೆಂಪು ನಕ್ಷತ್ರ ನಮ್ಮ ಸೂರ್ಯನಿಗಿಂತ ತಣ್ಣಗಿದೆ!

ತಣ್ಣಗಿದ್ದರೂ ಅದು ಹೊರಸೂಸುವ ಬೆಳಕು ಸೂರ್ಯನದಕ್ಕಿಂತ ಸುಮಾರು 400 ಪಟ್ಟು ಹೆಚ್ಚು. ಇದು ಹೇಗೆ? ಇಲ್ಲಿ ನನ್ನ ಕಸುಬಿನ ಲೆಕ್ಕ ಕೈಗೆ ಬಂತು. ರೋಹಿಣಿಯ ಮೈಯ ಒಂದು ಚದರ ಗಜವು ಸೂರ್ಯನ ಒಂದು ಚದರ ಗಜ ಕೊಡುವುದರಲ್ಲಿ ಐದರಲ್ಲೊಂದು ಪಾಲು ಮಾತ್ರ ಕೊಡುತ್ತದೆ. ಆದರೆ ಅದರ ಅಡ್ಡಳತೆ ಸೂರ್ಯನದರ ಸುಮಾರು 45 ಪಟ್ಟು. ಆದುದರಿಂದ ಮೈಯ ವಿಸ್ತಾರ 45ನ್ನು 45ರಿಂದ ಗುಣಿಸಿದಷ್ಟು, ಅಂದರೆ ಸುಮಾರು 2,000 ಪಟ್ಟು. ಎರಡು ಸಾವಿರವನ್ನು ಐದರಿಂದ ಭಾಗಿಸಿರಿ, ನಾನೂರು ಬರುತ್ತದೆ. ಬಡ್ಡಿಯ ದರ ಕಡಿಮೆ, ಅಸಲು ದೊಡ್ಡದು. ಒಟ್ಟು ಬಡ್ಡಿ ಹೆಚ್ಚೇ ಆಯಿತಲ್ಲವೇ?

ಇಷ್ಟು ದೊಡ್ಡದಾದುದರಿಂದಲೇ ಇಂಥವನ್ನು ದೈತ್ಯ ನಕ್ಷತ್ರಗಳೆಂದು ಕರೆಯುತ್ತಾರೆ. ಸೂರ್ಯನ ಸ್ಥಾನದಲ್ಲಿ ರೋಹಿಣಿಯನ್ನು ಇಟ್ಟರೆ ಅದರ ಅಂಚು ನಡುವಿನಿಂದ ಸುಮಾರು 3 ಕೋಟಿ ಕಿಲೋಮೀಟರಿನಷ್ಟು ದೂರಕ್ಕೆ, ಎಂದರೆ ಬುಧಗ್ರಹದವರೆಗಿನ ಸರಾಸರಿ ದೂರದ ಅರ್ಧಕ್ಕೂ ಮೀರಿ ಬರುತ್ತದೆ. ಆದರೆ ಈ ದೈತ್ಯನ ತೂಕ ಕೇಳಿದರೆ ನೀವು ನಗುವಿರಿ. ಅದು ಸೂರ್ಯನಿಗಿಂತ ಅಲ್ಪವೇ ಹೆಚ್ಚು. ಸೂರ್ಯನಷ್ಟೇ ಸರಕನ್ನು ಸುಮಾರು ಎಂಬತ್ತು ತೊಂಬತ್ತು ಸಾವಿರ ಪಟ್ಟು ಜಾಗದಲ್ಲಿ ಹರಡಿದಂತೆ. ಸರಾಸರಿ ತೆಗೆದರೆ, ನಾವೀಗ ಉಸಿರಾಡುತ್ತಿರುವ ಈ ಸಭಾಂಗಣದ ಗಾಳಿಯು ರೋಹಿಣಿಯ ಒಡಲಿಗಿಂತ ಸುಮಾರು 60 ಪಟ್ಟು ಸಾಂದ್ರವಾಗಿದೆ. ನಡುವಿನ ತಿರುಳು ಮಾತ್ರ ಬಹು ಗಟ್ಟಿ. ಉಳಿದುದೆಲ್ಲ ಉಬ್ಬಿದ ಹೊದಿಕೆ.

ಇವನ್ನೆಲ್ಲ ಇಲ್ಲಿಂದಲೇ ಅಳೆದವರು ಯಾರು, ಹೇಗೆ ಅಳೆದರು ಎಂದು ನೀವು ಕೇಳಬೇಕು, ನಾನೂ ಕೇಳಿದೆ. ರೋಹಿಣಿಯ ದೂರ ಸುಮಾರು 66 ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷವೆಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಅಷ್ಟು ದೂರದಿಂದ ಆ ದೈತ್ಯನ ಬಿಂಬ ನಮಗೆ ಎಷ್ಟು ಅಗಲ ಕಾಣುತ್ತದೆ? ಪಾಟ್ನಾದಲ್ಲಿ ಒಬ್ಬರು ಒಂದು ರೂಪಾಯಿಯ ನಾಣ್ಯವನ್ನು ಎತ್ತಿ ಹಿಡಿದರೆಂದುಕೊಳ್ಳಿ. ಕಾಶಿಯಿಂದ ನೋಡುವವನಿಗೆ ಆ ನಾಣ್ಯ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟು! ಬರಿಗಣ್ಣಿಗೆ ಅದು ಚುಕ್ಕೆಯೇ ಹೊರತು ಬಿಂಬವಲ್ಲ.

ಈ ಕೆಲಸಕ್ಕೆ ನೆರವಾದವನು ಸಾಕ್ಷಾತ್ ಚಂದ್ರ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರನಿಗೆ ರೋಹಿಣಿಯ ಮೇಲೆಯೇ ಪ್ರೀತಿ ಹೆಚ್ಚಾಗಿ, ಮಾವನ ಶಾಪದಿಂದ ಕ್ಷಯ ತಗುಲಿತೆಂಬ ಕಥೆಯನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಚಂದ್ರನ ಹಾದಿ ರೋಹಿಣಿಯ ಹತ್ತಿರವೇ ಹಾಯುವುದು ಕಣ್ಣಿಗೆ ಕಾಣುವ ಸತ್ಯ. ಸುಮಾರು 18.6 ವರ್ಷಗಳಿಗೊಮ್ಮೆ ಬರುವ ಸರದಿಯಲ್ಲಿ, ಕೆಲವು ವರ್ಷಗಳ ಕಾಲ, ಅವನು ತಿಂಗಳು ತಿಂಗಳೂ ಅದನ್ನು ಭೂಮಿಯ ಒಂದಲ್ಲ ಒಂದು ಭಾಗದವರಿಗೆ ಮರೆಮಾಡುತ್ತಾನೆ. 2015ರಿಂದ 2018ರವರೆಗೆ ಹಾಗಾಯಿತು. ಮುಂದಿನ ಸರದಿ 2033ರಲ್ಲಿ ಆರಂಭವಾಗುವುದು. ನಕ್ಷತ್ರವು ನಿಜವಾಗಿಯೂ ಒಂದು ಬಿಂದುವಾಗಿದ್ದರೆ ಚಂದ್ರನ ಅಂಚು ತಗುಲಿದೊಡನೆ ದೀಪ ಆರಿಸಿದಂತೆ ಮಾಯವಾಗಬೇಕು. ರೋಹಿಣಿ ಹಾಗೆ ಆಗುವುದಿಲ್ಲ. ಅದರ ಬೆಳಕು ಕುಗ್ಗಿ ಅಳಿಯಲು ಸೆಕೆಂಡಿನ ನೂರರಲ್ಲಿ ಕೆಲವು ಪಾಲು ಹಿಡಿಯುತ್ತದೆ. ಅದನ್ನು ಸೂಕ್ಷ್ಮ ಯಂತ್ರಗಳಿಂದ ಅಳೆದು, ಚಂದ್ರನ ವೇಗವನ್ನು ಲೆಕ್ಕಕ್ಕೆ ಹಿಡಿದು, ಬಿಂಬದ ಅಗಲವನ್ನು ಕಂಡುಹಿಡಿದರು. ಹಲವು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸುವ ಬೇರೊಂದು ವಿಧಾನದಿಂದಲೂ ಹೆಚ್ಚುಕಡಿಮೆ ಅದೇ ಅಳತೆ ಬಂದಿದೆ. ಎರಡು ಪುಸ್ತಕಗಳ ಮೊತ್ತ ತಾಳೆಯಾದರೆ ನಮ್ಮಂಥ ಗುಮಾಸ್ತರಿಗೆ ಎಷ್ಟು ಸಮಾಧಾನವೆಂದು ಬೇರೆ ಹೇಳಬೇಕಾಗಿಲ್ಲ.

ನಕ್ಷತ್ರದಲ್ಲಿ ಇರುವ ವಸ್ತುಗಳನ್ನು ಹೇಳುವುದು ಅದರ ಬೆಳಕಿನ ರೋಹಿತ. ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ ಬಣ್ಣಬಣ್ಣವಾಗಿ ಬಿಡಿಸಿದಾಗ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ತನ್ನದೇ ಆದ ಗೆರೆಗಳು, ಹೆಬ್ಬೆರಳಿನ ಗುರುತಿದ್ದಂತೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಎಂಬವರು ತಮ್ಮ ನೆರೆಯ ರಸಾಯನಶಾಸ್ತ್ರಜ್ಞ ಮಿಲ್ಲರ್ ಅವರೊಡನೆ ಸೇರಿ ರೋಹಿಣಿಯ ಬೆಳಕಿನಲ್ಲಿ ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಗುರುತು ಹಿಡಿದರು. ಈ ಗೆರೆಗಳಿಗೂ ನಕ್ಷತ್ರದ ಉಷ್ಣತೆಗೂ ಇರುವ ಸಂಬಂಧವನ್ನು 1920ರಲ್ಲಿ ಸೂತ್ರಕ್ಕೆ ತಂದವರು ನಮ್ಮ ದೇಶದ ಮೇಘನಾದ ಸಹಾ. ಅವರು 1923ರಿಂದ 1938ರವರೆಗೆ ಇಲ್ಲಿಯೇ ನೆರೆಯ ಅಲಹಾಬಾದಿನ, ಎಂದರೆ ಈಗಿನ ಪ್ರಯಾಗರಾಜದ, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಇನ್ನು, ರೋಹಿಣಿ ಇಷ್ಟು ಉಬ್ಬಿದುದು ಏತಕ್ಕೆ? ನಕ್ಷತ್ರದ ಬಾಳು ತನ್ನ ಒಡಲಿನ ಜಲಜನಕದ ಮೇಲೆ ನಿಂತಿದೆ. ನಮ್ಮ ಸೂರ್ಯ ಒಂದೊಂದು ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕವನ್ನು ಹೀಲಿಯಮ್ಮಾಗಿ ಮಾರ್ಪಡಿಸುತ್ತಾನೆ. ಅದರಲ್ಲಿ ಸುಮಾರು 40 ಲಕ್ಷ ಟನ್ ಕರಗಿ ಬೆಳಕೂ ಶಾಖವೂ ಆಗುತ್ತದೆ. ಇಷ್ಟು ಖರ್ಚು ಮಾಡುತ್ತಲೇ ಅವನು 460 ಕೋಟಿ ವರ್ಷ ಕಳೆದಿದ್ದಾನೆ. ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಸಾಲುವಷ್ಟು ಠೇವಣಿ ಇದೆ. ರೋಹಿಣಿಯ ತಿರುಳಿನಲ್ಲಿ ಆ ಠೇವಣಿ ಮುಗಿದುಹೋಗಿದೆ. ಉರಿಯಲು ಜಲಜನಕವಿಲ್ಲದ ತಿರುಳು ತನ್ನ ಭಾರಕ್ಕೆ ತಾನೇ ಕುಗ್ಗಿ ಬಿಸಿಯಾಗುತ್ತದೆ. ಆ ಬಿಸಿಗೆ ಸುತ್ತಲಿನ ಪದರದ ಜಲಜನಕ ಮೊದಲಿಗಿಂತ ರಭಸದಿಂದ ಉರಿಯತೊಡಗುತ್ತದೆ. ಅದರ ಒತ್ತಡಕ್ಕೆ ಹೊರಗಿನ ಹೊದಿಕೆ ಉಬ್ಬುತ್ತದೆ. ಉಬ್ಬಿದುದು ತಣಿದು ಕೆಂಪಾಗುತ್ತದೆ.

ಆದುದರಿಂದ ಬಂಧುಗಳೇ, ರೋಹಿಣಿಯನ್ನು ನೋಡುವುದೆಂದರೆ ನಮ್ಮ ಸೂರ್ಯನ ಮುಪ್ಪನ್ನು ಮುಂದಾಗಿ ನೋಡುವುದು. ಸುಮಾರು ಅಷ್ಟೇ ತೂಕದ ನಮ್ಮ ಸೂರ್ಯನಿಗೂ ಒಂದು ದಿನ ಇದೇ ಗತಿ. ಈಗ ಅರ್ಧ ಡಿಗ್ರಿ ಅಗಲ ಕಾಣುವ ಅವನ ಬಿಂಬ ಅಂದು ಇಪ್ಪತ್ತು ಡಿಗ್ರಿಗೂ ಮೀರಿ ಪೂರ್ವದಿಕ್ಕನ್ನು ತುಂಬಿ ಮೂಡುವುದು. ಅಂದು ಗಂಗೆಯೂ ಇರಲಾರಳು, ತುಂಗಭದ್ರೆಯೂ ಇರಲಾರಳು. ಇದರಿಂದ ಹೆದರಬೇಕಾದುದೇನೂ ಇಲ್ಲ, ಕಾಲ ಬೇಕಾದಷ್ಟಿದೆ. ಆದರೆ ಮನುಷ್ಯನೊಬ್ಬನ ಪಾಲಿಗೆ ಬರುವ ಕಾಲ ಅಷ್ಟಿಲ್ಲವೆಂಬುದನ್ನು ನಾನು ಒಂದು ದಸರೆಗೂ ಒಂದು ಡಿಸೆಂಬರಿಗೂ ನಡುವೆ ಕಲಿತೆ.

ಇನ್ನೊಂದೇ ಮಾತು. ನಾವು ಈ ವರ್ಷ ನೋಡುವ ರೋಹಿಣಿಯ ಬೆಳಕು ಅಲ್ಲಿಂದ ಹೊರಟು ಅರುವತ್ತಾರು ವರ್ಷವಾಯಿತು. ಅದು ಹೊರಟಾಗ, 1956ರ ನವೆಂಬರ್ 1ರಂದು ಒಂದಾದ ನಮ್ಮ ನಾಡು ಇನ್ನೂ ಎಳೆಯ ಕೂಸು. ಹೆಸರು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದ 1973ರಲ್ಲಿ ಆ ಬೆಳಕು ಇನ್ನೂ ಹಾದಿಯಲ್ಲಿತ್ತು. ಅದು ಹೊರಟಾಗ ನಮ್ಮ ತಂದೆಯವರು ಹೆಗಲಿಗೆ ಪಾಟಿಚೀಲ ಹಾಕಿಕೊಂಡು ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗ. ಅವರ ಬಾಳು ಮುಗಿದ ಮೇಲೆ ಅದು ಬಂದು ಅವರ ಮೊಮ್ಮಗಳ ಕಣ್ಣಿಗೆ ಬಿತ್ತು.

ಕಳೆದ ವರ್ಷ ಕಾರ್ತಿಕ ಪೂರ್ಣಿಮೆಯ ದೇವದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಮಗಳನ್ನು ಘಾಟಿಗೆ ಕರೆದುಕೊಂಡು ಹೋದೆ. ಹಣತೆಗಳೆಲ್ಲ ಆರಿದ್ದವು. ಗಂಗೆಯಾಚೆ ಕೆಂಪಗೆ ನಿಂತುದನ್ನು ಬೆರಳಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಅಜ್ಜನ ಊರಾಗೂ ಈಗ ಇದು ಕಾಣ್ತದೇನು?" ಎಂದು ಕೇಳಿದಳು. ಕಾಣುತ್ತದೆ ಎಂದೆ. ಕಾಶಿಯು ಧಾರವಾಡಕ್ಕಿಂತ ಪೂರ್ವಕ್ಕೂ ಉತ್ತರಕ್ಕೂ ಇರುವುದರಿಂದ ರೋಹಿಣಿ ಇಲ್ಲಿ ಹುಟ್ಟಿದ ಮುಕ್ಕಾಲು ಗಂಟೆಯ ಮೇಲೆ ಅಲ್ಲಿ ಹುಟ್ಟುತ್ತದೆ. ಊರಿನಿಂದ ಬರುವ ಸುದ್ದಿ, ಹಪ್ಪಳ, ಮದುವೆಯ ಕಾಗದ ಎಲ್ಲವೂ ನಮಗೆ ತಡವಾಗಿಯೇ ತಲುಪುತ್ತವೆ. ಇದೊಂದು ಮಾತ್ರ ನಮಗೆ ಮೊದಲು ಕಂಡು ಆಮೇಲೆ ಊರಿಗೆ ಹೋಗುತ್ತದೆ.

ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆಂದು ಈ ಸಭೆಯಲ್ಲಿ ಪ್ರತಿವರ್ಷವೂ ಚರ್ಚೆಯಾಗುತ್ತದೆ. ನನ್ನದು ಸಣ್ಣ ಸಲಹೆ. ರೋಹಿಣಿ, ಮೃಗಶಿರ, ಆರಿದ್ರೆ ಎಂಬ ಮಳೆಯ ಹೆಸರುಗಳನ್ನು ಅವರಿಗೆ ಬಾಯಿಪಾಠ ಮಾಡಿಸಿರಿ. ಜೊತೆಗೆ ಆ ಹೆಸರಿನ ಚಿಕ್ಕಿಗಳನ್ನೂ ತೋರಿಸಿರಿ. ತೋರಿಸಬಲ್ಲ ಹಿರಿಯರು ಊರಿನಲ್ಲಿದ್ದರೆ ಈ ರಜೆಗೇ ಹೋಗಿ ಬನ್ನಿರಿ, ಮುಂದಿನ ರಜೆಗೆಂದು ಇಡಬೇಡಿರಿ. ಇಂದು ಸಭೆ ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಒಮ್ಮೆ ಪೂರ್ವಕ್ಕೆ ತಲೆಯೆತ್ತಿ ನೋಡಿರೆಂದು ಬೇಡಿಕೊಳ್ಳುತ್ತೇನೆ.