ಗ್ಲಾಕೋಮಾ: ಇರುವ ದೃಷ್ಟಿಯನ್ನು ಉಳಿಸಿಕೊಳ್ಳಿ

(ಮೆಲ್ಕಾರ್‌ನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಮನುಷ್ಯರ ಕಣ್ಣಿನ ಉಸಾಬರಿ ಏಕೆಂದು ನೀವು ಕೇಳಬಹುದು. ಕಾರಣ ನನ್ನ ಮನೆಯಲ್ಲೇ ಇದೆ. ನನ್ನ ತಂದೆಯವರು ಗ್ಲಾಕೋಮಾದಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಔಷಧಿ ಇತ್ತು. ನೋವಿಲ್ಲ, ಚೆನ್ನಾಗಿ ಕಾಣುತ್ತದೆ ಎಂದು ಹನಿ ಬಿಡುವುದನ್ನು ನಿಲ್ಲಿಸಿದ್ದರು. ಜೊತೆಯಲ್ಲೇ ಇದ್ದ ನಾನೂ ವಿಚಾರಿಸಲಿಲ್ಲ.

ಸುಪ್ತ ಕೆಚ್ಚಲು ಬಾವು ನಿಮಗೆ ಗೊತ್ತು. ಹಾಲು ನೋಡಲು ಸರಿಯಾಗಿರುತ್ತದೆ, ಪರೀಕ್ಷಿಸಿದಾಗ ಮಾತ್ರ ರೋಗ ತಿಳಿಯುತ್ತದೆ. ಸಾಮಾನ್ಯ ಬಗೆಯ ಗ್ಲಾಕೋಮಾವೂ ಹಾಗೆಯೇ. ಕಣ್ಣಿನೊಳಗಿನ ದ್ರವ ಸರಿಯಾಗಿ ಹೊರಹೋಗದೆ ಒತ್ತಡ ಏರಿ, ಕಣ್ಣಿನ ನರ ನಿಧಾನವಾಗಿ ನಾಶವಾಗುತ್ತದೆ. ಮೊದಲು ಬದಿಯ ನೋಟ ಹೋಗುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಆದರೆ ಸತ್ತ ನರ ಮರಳಿ ಬಾರದು.

ಸ್ವೀಡನ್ ದೇಶದ ಮಾಲ್ಮೊ ನಗರದ ರೋಗಿಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗ ಪತ್ತೆಯಾಗಿ 20 ವರ್ಷಗಳಲ್ಲಿ 100ರಲ್ಲಿ ಸುಮಾರು 38 ಜನರ ಒಂದು ಕಣ್ಣಾದರೂ ಕುರುಡಾಗುತ್ತದೆ. ಎರಡೂ ಕಣ್ಣು ಹೋಗುವವರು ಸುಮಾರು 13 ಮಂದಿ. ಹಾಗಾದರೆ ಯಾರಿಗೆ ಅಪಾಯ ಹೆಚ್ಚು?

1. ತಡವಾಗಿ ಬಂದವರಿಗೆ. ಮೊದಲ ಪರೀಕ್ಷೆಯ ಹೊತ್ತಿಗೇ ನರ ಬಹಳ ಹಾಳಾಗಿದ್ದರೆ ಉಳಿಸಲು ಉಳಿದಿರುವುದು ಕಡಿಮೆ.

2. ಒತ್ತಡ ಇಳಿಯದವರಿಗೆ. 1 ಮಿ.ಮೀ. ಒತ್ತಡ ಇಳಿದರೂ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 10ರಷ್ಟು ತಗ್ಗುತ್ತದೆ ಎಂದು ಸ್ವೀಡನ್ನಿನ ಇನ್ನೊಂದು ಅಧ್ಯಯನ ತೋರಿಸಿದೆ.

3. ಹನಿ ತಪ್ಪಿಸುವವರಿಗೆ, ತಪಾಸಣೆಗೆ ಹೋಗದವರಿಗೆ.

4. ವಯಸ್ಸಾದವರಿಗೆ, ಈಗಾಗಲೇ ಒಂದು ಕಣ್ಣು ಕಳೆದುಕೊಂಡವರಿಗೆ.

5. ಸ್ಟೀರಾಯ್ಡ್ ಬಳಸುವವರಿಗೆ. ಬೈಹುಲ್ಲಿನ ಧೂಳು ಬಿದ್ದು ಕಣ್ಣು ಕೆಂಪಾದರೆ ನಾವು ಮೆಡಿಕಲ್ ಶಾಪಿನಿಂದ ಯಾವುದೋ ಹನಿ ತಂದು ತಿಂಗಳುಗಟ್ಟಲೆ ಬಿಡುತ್ತೇವೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು. ಕೊಟ್ಟಿಗೆಯ ಔಷಧಿಯನ್ನಂತೂ ನಿಮ್ಮ ಕಣ್ಣಿಗೆ ಎಂದೂ ಹಾಕಬೇಡಿ.

6. ರಾತ್ರಿ ರಕ್ತದೊತ್ತಡ ತೀರಾ ಇಳಿಯುವವರಿಗೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕಣ್ಣಿನ ವೈದ್ಯರಿಗೆ ತಿಳಿಸಿ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇವುಗಳಲ್ಲಿ ವಯಸ್ಸನ್ನು ಮಾತ್ರ ತಡೆಯಲಾಗದು. ಉಳಿದವುಗಳಿಗೆ ಏನಾದರೊಂದು ದಾರಿ ಇದೆ.

ಹನಿ ಮರೆಯದಿರಲು ಸುಲಭ ಉಪಾಯವೊಂದಿದೆ. ಹಾಲು ಕರೆಯುವ ಹೊತ್ತನ್ನು ನೀವು ಒಂದು ದಿನವೂ ತಪ್ಪಿಸುವುದಿಲ್ಲ. ದಿನಕ್ಕೆ ಎರಡು ಸಲ ಹನಿ ಬರೆದುಕೊಟ್ಟಿದ್ದರೆ ಬೆಳಗ್ಗೆ, ಸಂಜೆ ಕೊಟ್ಟಿಗೆಗೆ ಹೋಗುವ ಮೊದಲು ಕೈಯನ್ನು ಸೋಪಿನಿಂದ ತೊಳೆದು ಬಿಡಿ. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಅಂತರವಿರಲಿ. ರಾತ್ರಿಯ ಹನಿಯನ್ನು ರಾತ್ರಿಯೇ ಬಿಡಿ. ಬಾಟಲಿ ಖಾಲಿಯಾದರೆ ಚಿಕಿತ್ಸೆ ಮುಗಿಯಿತೆಂದು ಅರ್ಥವಲ್ಲ.

ಇನ್ನೊಂದು ಮಾತು. ಈ ರೋಗ ಕುಟುಂಬದಲ್ಲಿ ಹರಿಯುತ್ತದೆ. ಮನೆಯಲ್ಲಿ ಒಬ್ಬರಿಗಿದ್ದರೆ 40 ದಾಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಬೇಕು. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಕನ್ನಡಕದ ನಂಬರು ನೋಡಿಸಿದರೆ ಮಾತ್ರ ಸಾಲದು.

ನನಗೂ 40 ದಾಟಿದೆ. ತಂದೆಯವರ ಉಳಿದ ಕಣ್ಣಿಗೆ ಈಗ ನಾನೇ ಹನಿ ಬಿಡುತ್ತೇನೆ, ವರ್ಷಕ್ಕೊಮ್ಮೆ ನನ್ನ ಕಣ್ಣನ್ನೂ ತೋರಿಸುತ್ತೇನೆ. ಇಂದು ಮನೆಗೆ ಹೋದೊಡನೆ ನಿಮ್ಮ ಹಿರಿಯರನ್ನು ಹನಿ ಬಿಟ್ಟಿರಾ ಎಂದು ಕೇಳಿ.