ದುಡಿಮೆಯ ಹೊತ್ತು, ಮನೆಯ ಹೊತ್ತು
(ಹೊಸೂರಿನ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಸಬ್ಬತ್ತಿನ ಆಜ್ಞೆಯನ್ನು ನಾವೆಲ್ಲರೂ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದವರು. ಆ ಆಜ್ಞೆ ಯಜಮಾನನ ವಿಶ್ರಾಂತಿಯಷ್ಟಕ್ಕೇ ನಿಲ್ಲುವುದಿಲ್ಲ. ದಾಸ, ದಾಸಿ, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ, ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ. ಆಳಿನ ವಿಶ್ರಾಂತಿಯನ್ನು ದೇವರು ಯಜಮಾನನ ದಯೆಗೆ ಬಿಡಲಿಲ್ಲ, ಕಟ್ಟಳೆ ಮಾಡಿದನು. ಕೆಲಸದ ಹೊತ್ತನ್ನು ಸಡಿಲ ಮಾಡುತ್ತೇವೆಂದು ಸರಕಾರ ಹೇಳಿದಾಗಲೂ ನಾವು ಕೇಳಬೇಕಾದದ್ದು ಇದನ್ನೇ: ಸಡಿಲಿಸುವ ಅಧಿಕಾರ ಯಾರ ಕೈಗೆ ಹೋಯಿತು?

2023ರ ಏಪ್ರಿಲ್ 21ರಂದು ತಮಿಳುನಾಡು ವಿಧಾನಸಭೆಯು ಕಾರ್ಖಾನೆ ಕಾಯಿದೆಗೆ ಒಂದು ತಿದ್ದುಪಡಿ ಮಾಡಿತು. ದಿನಕ್ಕೆ 12 ಗಂಟೆ ದುಡಿಸಬಹುದು, ವಾರದ 48 ಗಂಟೆ ಮೀರುವುದಿಲ್ಲ, ನಾಲ್ಕು ದಿನ ಕೆಲಸ, ಮೂರು ದಿನ ರಜೆ ಎಂದು ಸಮಜಾಯಿಷಿ ಕೊಟ್ಟರು. ಕೇಳಲು ಹಿತವಾಗಿತ್ತು. ಆದರೆ ಎದೆಹಾಲು ಕುಡಿಯುವ ಕೂಸಿಗೆ ಇಂದಿನ ಹಸಿವು ಇಂದೇ; ಶುಕ್ರವಾರದ ರಜೆ ಮಂಗಳವಾರದ ಹಸಿವನ್ನು ನೀಗಿಸುತ್ತದೆಯೇ? ಸಂಘಗಳೆಲ್ಲ, ಆಳುವ ಪಕ್ಷದ ಸಂಘವೂ ಕೂಡ, ಎದ್ದು ನಿಂತವು. ಮೂರೇ ದಿನದಲ್ಲಿ ಮಸೂದೆಯನ್ನು ತಡೆಹಿಡಿದರು. ಮೇ 1ರಂದು ಅದನ್ನು ಹಿಂದಕ್ಕೆ ಪಡೆದಿರುವುದಾಗಿ ಮುಖ್ಯಮಂತ್ರಿಯೇ ಹೇಳಿದರು. ನೆರೆಯ ಕರ್ನಾಟಕದಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ ಇಂಥದೇ ತಿದ್ದುಪಡಿ ಅಂಗೀಕಾರವಾಯಿತು. ಅಲ್ಲಿ ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಂತೆ. ಗುತ್ತಿಗೆಯ ಹುಡುಗಿ ಗೇಟಿನ ಬಳಿ ಸಹಿ ಹಾಕುವುದಿಲ್ಲವೆಂದರೆ ನಾಳೆ ಅವಳಿಗೆ ಗೇಟು ತೆರೆದೀತೇ?

ಹಾಗೆಂದು ಸರಕಾರ ಏನೂ ಮಾಡಿಲ್ಲವೆಂದರೆ ಅದು ಸುಳ್ಳಾದೀತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೇರಿತು, ಮೊದಲ ಎರಡು ಮಕ್ಕಳಿಗೆ. 50 ಮಂದಿ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇವು ಉಳಿದಿವೆ. ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮಾಡುವ ಅವಕಾಶವೂ ಉಂಟು, ಕೆಲಸದ ಸ್ವರೂಪ ಒಗ್ಗಿದರೆ, ಧಣಿ ಒಪ್ಪಿದರೆ. ಲೇತ್ ಯಂತ್ರವನ್ನು ಮನೆಗೆ ಹೊತ್ತು ತರಲಾದೀತೇ? ನಮ್ಮವರಿಗೆ ಬೇಕಾದದ್ದು ಆ ಕೊಠಡಿ.

ಇ.ಎಸ್.ಐ. ಇರುವಲ್ಲಿ ಹೆರಿಗೆ ಭತ್ಯೆ ಆ ನಿಧಿಯಿಂದ ಬರುತ್ತದೆ. 2019ರಿಂದ ಅದಕ್ಕೆ ನಮ್ಮ ಕೂಲಿಯಲ್ಲಿ ನೂರಕ್ಕೆ 75 ಪೈಸೆ, ಧಣಿಯಿಂದ 3 ರೂಪಾಯಿ 25 ಪೈಸೆ. ಇ.ಎಸ್.ಐ. ಇಲ್ಲದ ಕಡೆ ಖರ್ಚೆಲ್ಲ ಧಣಿಯ ತಲೆಯ ಮೇಲೆ. ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಅಲ್ಲಿ ಹಿಂದೆಮುಂದೆ ನೋಡುತ್ತಾರೆ. ಕಾಯಿದೆ ಬರೆದ ಸರಕಾರವೇ ಆ ಖರ್ಚಿಗೂ ಹೆಗಲು ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಅಣ್ಣತಮ್ಮಂದಿರೇ, ನಿಮಗೂ ಒಂದು ಮಾತು. ಕೇಂದ್ರ ಸರಕಾರದ ನೌಕರನಿಗೆ ಮಗು ಹುಟ್ಟಿದರೆ 15 ದಿನದ ರಜೆ ಇದೆ. ಖಾಸಗಿ ಕಾರ್ಖಾನೆಯ ಫಿಟ್ಟರಿಗೆ ಕೇಂದ್ರದ ಕಾಯಿದೆಯಲ್ಲಿ ಅಂಥ ರಜೆಯಿಲ್ಲ. ಅದನ್ನು ಕೇಳೋಣ. ಆದರೆ ಅದು ಬರುವ ತನಕ, ಎರಡನೇ ಪಾಳಿ ಮುಗಿಸಿ ಬಂದ ಹೆಂಡತಿ ಒಲೆ ಹಚ್ಚಲಿ ಎಂದು ಕಾಯುತ್ತ ಕೂರಬೇಡಿ.

ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಕಾರ್ಖಾನೆಯಲ್ಲಿ ದುಡಿಯುವವರು ಎಷ್ಟು ಮಂದಿ, ಆರು ವರ್ಷದೊಳಗಿನ ಮಕ್ಕಳು ಎಷ್ಟು, ಕೊಠಡಿ ಇದೆಯೇ, ಇದ್ದರೆ ಬೀಗ ಹಾಕಿದೆಯೇ, ಬರೆಯಿರಿ. ಗುತ್ತಿಗೆಯವರನ್ನೂ ಎಣಿಸಿ. ಆಡಳಿತಕ್ಕೆ ಬರೆಯುವ ಕಾಗದದ ಪ್ರತಿಯನ್ನು ಕಾರ್ಮಿಕ ಇಲಾಖೆಗೂ ಕೊಡೋಣ. ಹೆಸರು ಹೇಳಲು ಅಂಜುವವರು ಲೆಕ್ಕ ಮಾತ್ರ ಬರೆದರೂ ಸಾಕು; ಸಹಿ ಸಂಘದ್ದು.